ಟೀ ಲೋಟಕ್ಕೊಂದು ಮೆರುಗು ಬೇಕು

ಬಾಗೂರು ಅಂದ್ರೆ ನಮ್ಮ ಸಿವಿಲ್‌ನವರಿಗೆ ನೆನಪಾಗೋದು ಬಾಗೂರು–ನವಿಲೆ ಸುರಂಗ. ಹೇಮಾವತಿ ನೀರನ್ನು ನೆಲದಡಿಯಿಂದ ತುಮಕೂರು ಕಡೆಗೆ ದಾಟಿಸಿದ ದೊಡ್ಡ ಕೆಲಸ ಅದು. ಆದರೆ ಅದೇ ಚನ್ನರಾಯಪಟ್ಟಣ ಸೀಮೆಯಲ್ಲಿ ಟೀ ಕುಡಿದು ಬಿಸಾಡುವ ಪೇಪರ್ ಲೋಟವೂ ಒಂದು ಎಂಜಿನಿಯರಿಂಗ್ ಸಮಸ್ಯೆ ಅಂತ ನಾವು ಯೋಚಿಸೋದೇ ಇಲ್ಲ. ಯೋಚಿಸಬೇಕು ಅನ್ನೋದು ನಮ್ಮ ವಾದ.

ಪೇಪರ್ ಲೋಟದ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತೆ. ಬದಲಿಗೆ ಮಣ್ಣಿನ ಲೋಟ? 2004ರಲ್ಲಿ ರೈಲ್ವೆ ಸಚಿವರಾಗಿದ್ದ ಲಾಲು ಪ್ರಸಾದ್ ಕುಲ್ಹಡ್ ತಂದರು. ಆದರೆ ಮೆರುಗಿಲ್ಲದ ಮಣ್ಣು ಟೀಯನ್ನು ಹೀರಿಕೊಳ್ಳುತ್ತೆ, ತೊಳೆದು ಮತ್ತೆ ಬಳಸೋದು ಕಷ್ಟ. ಅದೂ ಒಂದೇ ಸಲದ ಲೋಟ.

ಇಲ್ಲಿ ಫ್ರಾನ್ಸಿನ 'ಫಯಾನ್ಸ್' ನೋಡಿ. ಸಾಧಾರಣ ಜೇಡಿಮಣ್ಣಿನ ಪಾತ್ರೆಗೆ ತವರದ ಆಕ್ಸೈಡ್ ಬೆರೆಸಿದ ಬಿಳಿ ಮೆರುಗು, ಅದರ ಮೇಲೆ ಹೂಬಳ್ಳಿಯ ಚಿತ್ರ. ಸುಡಲು ಸುಮಾರು 1000 ಡಿಗ್ರಿ ಸಾಕು. ಪಿಂಗಾಣಿಗಾದರೆ 1300 ಬೇಕು. 1709ರಲ್ಲಿ 14ನೇ ಲೂಯಿ ಯುದ್ಧದ ಖರ್ಚಿಗೆ ಬೆಳ್ಳಿ ಪಾತ್ರೆ ಕರಗಿಸಿದಾಗ ಶ್ರೀಮಂತರ ಊಟದ ಮೇಜಿಗೆ ಬಂದಿದ್ದು ಈ ಮಣ್ಣೇ. ಆಮೇಲೆ ಟೀ ಪಾತ್ರೆಗಳನ್ನೂ ಹೀಗೇ ಮಾಡಿದರು. ಬೇಡಿಕೆ ಬಂತು, ಕಸುಬು ಬೆಳೀತು.

ಹಾಗಂತ ಅದನ್ನೇ ನಕಲು ಮಾಡೋಕಾಗಲ್ಲ. ಹಳೇ ಮೆರುಗಿನಲ್ಲಿ ಸೀಸ ಇರ್ತಿತ್ತು, ಅದು ವಿಷ. ಮಣ್ಣು ಮತ್ತು ಮೆರುಗು ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗದಿದ್ದರೆ ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತೆ. ಸೌದೆಯ ಆವಿಗೆಯಲ್ಲಿ ಬಿಸಿಯನ್ನು ಸಮನಾಗಿ ಹಿಡಿಯೋದೂ ಕಷ್ಟ. ಉಷ್ಣ ವಿಸ್ತರಣೆ, ತಾಪಮಾನದ ಅಳತೆ, ಸೀಸವಿಲ್ಲದ ಬೋರಾನ್ ಮೆರುಗು: ಎಲ್ಲವೂ ನಮ್ಮ ಸಿಲಬಸ್ಸಿಗೆ ಹತ್ತಿರದವೇ ಅಲ್ವಾ?

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಸರ್ಕಾರಿ ಪಿಂಗಾಣಿ ಕಾರ್ಖಾನೆ ಮುಂದೆ ಬಿಎಚ್ಇಎಲ್ ಸೇರಿತು. ವಿದ್ಯುತ್ ಕಂಬದ ಇನ್ಸುಲೇಟರ್‌ಗೆ ಗಟ್ಟಿ ಮೆರುಗು ಸಿಕ್ಕಿತು. ಹಳ್ಳಿಯ ಕುಂಬಾರರ ಲೋಟಕ್ಕೆ ಸಿಗಲಿಲ್ಲ. ಕುಂಬಾರಿಕೆ ಕಲಿಸುವ ಕೇಂದ್ರೀಯ ಸಂಸ್ಥೆ ಖಾನಾಪುರದಲ್ಲೇ ಇದೆ. ಕೇಳೋಕೆ ನಾವು ಹೋಗಬೇಕಷ್ಟೆ.

ಗಾಜಿನ ಲೋಟ ಇದೆಯಲ್ಲ ಅಂತೀರಾ? ಇದೆ, ಪೇಪರಿಗಿಂತ ವಾಸಿನೇ. ಆದರೆ ಅದರಿಂದ ನಮ್ಮೂರ ತಿಗರಿ ತಿರುಗಲ್ಲ.

ತಿಗರಿ ಹಿಡಿಯೋದನ್ನು ಕುಂಬಾರರಿಗೆ ನಾವು ಕಲಿಸಬೇಕಿಲ್ಲ. ನಾವು ಕೊಡಬಹುದಾದ್ದು ಎರಡು: ಮೆರುಗಿನ ಲೆಕ್ಕ, ಖಚಿತ ಆರ್ಡರ್. ಮೊದಲನೆಯದು ಈ ವರ್ಷದ ಒಂದು ಫೈನಲ್ ಇಯರ್ ಪ್ರಾಜೆಕ್ಟ್ ಆಗಲಿ. ಲೋಟ ಪರೀಕ್ಷೆಯಲ್ಲಿ ಪಾಸಾದರೆ ಮೊದಲ ಆರ್ಡರ್ ನಮ್ಮ ರಾಜ್ಯೋತ್ಸವದ ಟೀಗೇ ಇರಲಿ.