ಅಲರ್ಟ್ ಆಫ್ ಮಾಡಿ ಕೂತವರ ಜೊತೆ ನಮ್ಮದೊಂದು ತಕರಾರು



ಕಳೆದ ಆಟಿ ತಿಂಗಳಲ್ಲಿ ನಮ್ಮ ವಾರ್ಡಿನ ಹಿರಿಯರೊಬ್ಬರು ಸಂಜೆ ಹೊತ್ತು ಬಾವಿಕಟ್ಟೆಯ ಪಾಚಿಯಲ್ಲಿ ಕಾಲು ಜಾರಿ ಬಿದ್ದರು. ಮನೆಯಲ್ಲಿ ಅವರೊಬ್ಬರೇ. ಮಕ್ಕಳಿಬ್ಬರೂ ಗಲ್ಫಿನಲ್ಲಿ. ಪಕ್ಕದ ಮನೆಯವರು ಟಾರ್ಚ್ ಹಿಡಿದುಕೊಂಡು ಬಂದು ನೋಡುವವರೆಗೆ ಎರಡು ಗಂಟೆ ಮಳೆಯಲ್ಲೇ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಮಾಡಿನ ಅಂಚಿನಲ್ಲಿ ಮಗ ದುಡ್ಡು ಕಳಿಸಿ ಹಾಕಿಸಿದ ಕ್ಯಾಮೆರಾ ಇತ್ತು, ಅದು ಚೆನ್ನಾಗಿಯೇ ಓಡುತ್ತಿತ್ತು. ಮಗನ ಮೊಬೈಲಿನಲ್ಲಿ ಮಾತ್ರ ಜೂನ್ ತಿಂಗಳಿಂದ ಅಲರ್ಟ್ ಆಫ್.

ಮಗನನ್ನು ಬೈಯಲು ಹೊರಟವರು ಸ್ವಲ್ಪ ನಿಲ್ಲಿ. "ದಿನಕ್ಕೆ ನೂರೈವತ್ತು ಸಲ ಟಿಂಗ್ ಟಿಂಗ್ ಅಂತ ಬಂದ್ರೆ ಡ್ಯೂಟಿ ಹೇಗೆ ಮಾಡುವುದು ಮಾರಾಯ?" ಎಂದು ಅವನು ಫೋನಿನಲ್ಲಿ ಕೇಳಿದ. ನಮ್ಮಲ್ಲಿ ಉತ್ತರ ಇರಲಿಲ್ಲ. ತೆಂಗಿನ ಮಡಲು ಅಲ್ಲಾಡಿದರೆ ಮನುಷ್ಯ, ನಾಯಿ ಓಡಿದರೆ ಮನುಷ್ಯ, ಒಣಗಲು ಹಾಕಿದ ನೈಟಿ ಗಾಳಿಗೆ ಹಾರಿದರೆ ಮನುಷ್ಯ. ಅಂಗಳದ ಗ್ರೊಟ್ಟೊದಲ್ಲಿರುವ ಮಾತೆಯ ಪ್ರತಿಮೆ ಒಂದೇ ರಾತ್ರಿ ಎಂಟು ಸಲ ಮನೆಗೆ ಬಂದದ್ದಾಗಿ ಆ ಕ್ಯಾಮೆರಾದಲ್ಲಿ ದಾಖಲೆ ಉಂಟು. (ನಗಬೇಡಿ, ಚರ್ಚಿನ ಕ್ಯಾಮೆರಾದ ಕತೆಯೂ ಅದೇ.)

ನಮ್ಮ ತಕರಾರು ಇರುವುದು "ಕ್ಯಾಮೆರಾ ಅಂದ್ರೆ ಅಷ್ಟೇ" ಎಂಬ ಮಾತಿನ ಜೊತೆ. ಅಷ್ಟೇ ಅಲ್ಲ. ತಪ್ಪು ಬಹುಪಾಲು ನಾವು ಅದನ್ನು ಕೂರಿಸಿದ ರೀತಿಯಲ್ಲಿದೆ, ಅದನ್ನು ಸರಿಮಾಡಲು ಒಂದು ಭಾನುವಾರ ಸಾಕು.

ಮೊದಲು ಮೆಗಾಪಿಕ್ಸೆಲ್ ಮೋಹ. ಅಂಗಡಿಯವರು "4ಕೆ ಹಾಕಿ, ಎಲ್ಲಾ ಸರಿಯಾಗ್ತದೆ" ಎನ್ನುತ್ತಾರೆ. ಮನುಷ್ಯನನ್ನು ಗುರುತಿಸುವ ಪ್ರೋಗ್ರಾಂ ಸಾಮಾನ್ಯವಾಗಿ ಆ ದೊಡ್ಡ ಚಿತ್ರವನ್ನು ಹಾಗೆಯೇ ನೋಡುವುದಿಲ್ಲ. ಅದನ್ನು 320 ಅಥವಾ 640 ಪಿಕ್ಸೆಲ್‌ನಂಥ ಸಣ್ಣ ಚೌಕಕ್ಕೆ ಕುಗ್ಗಿಸಿ ನೋಡುತ್ತದೆ. 3840 ಪಿಕ್ಸೆಲ್ ಅಗಲದ ಚಿತ್ರ 640ಕ್ಕೆ ಇಳಿದರೆ ಉಳಿಯುವುದು ಆರನೇ ಒಂದು ಪಾಲು. ಗೇಟಿನ ಹತ್ತಿರ 120 ಪಿಕ್ಸೆಲ್ ಎತ್ತರವಿದ್ದ ಮನುಷ್ಯ 20 ಪಿಕ್ಸೆಲ್‌ನ ಗೊಂಬೆಯಾಗುತ್ತಾನೆ. ಕಳ್ಳನ ಮುಖ ಗುರುತಿಸಲು ಹೆಚ್ಚು ಪಿಕ್ಸೆಲ್ ಬೇಕು, ನಿಜ. ಯುರೋಪಿನ ಕ್ಯಾಮೆರಾ ಮಾನದಂಡದ 2015ರ ಆವೃತ್ತಿಯಲ್ಲಿ ಅದಕ್ಕೆ ಮೀಟರಿಗೆ 250 ಪಿಕ್ಸೆಲ್ ಇತ್ತು, ಯಾರೋ ಇದ್ದಾರೆ ಎಂದು ತಿಳಿಯಲು ಬರೀ 25. ನಮಗೆ ಬೇಕಾದದ್ದು ಎರಡನೆಯದು. ಅದಕ್ಕೆ ಕ್ಯಾಮೆರಾ ಹತ್ತಿರ ಬರಬೇಕು, ದುಬಾರಿ ಆಗಬೇಕಾಗಿಲ್ಲ.

ಎರಡನೆಯದು ಎತ್ತರ, ನಮ್ಮೂರಲ್ಲಿ ಅತಿ ಹೆಚ್ಚು ಕೆಡುವುದೂ ಇಲ್ಲೇ. ಕೈಗೆ ಸಿಗಬಾರದು ಎಂದು 14 ಅಡಿ ಮೇಲೆ ಹಾಕುತ್ತಾರೆ. ಅಲ್ಲಿಂದ ಕಾಣುವುದು ನೆತ್ತಿ ಮತ್ತು ಹೆಗಲು. ಇಂಥ ಪ್ರೋಗ್ರಾಂಗಳನ್ನು ಕಲಿಸಲು ಬಹಳವಾಗಿ ಬಳಸುವ ಚಿತ್ರಸಂಗ್ರಹ 2014ರ ಕೊಕೊ. ಅದರ ಚಿತ್ರಗಳು ಫ್ಲಿಕರ್‌ನಿಂದ ಬಂದವು, ಅಂದರೆ ಜನ ನೆಲದ ಮೇಲೆ ನಿಂತು ಜನರ ಫೋಟೋ ತೆಗೆದದ್ದೇ ಹೆಚ್ಚು. ಅದರ 80 ವರ್ಗಗಳಲ್ಲಿ ಮನುಷ್ಯ ಒಂದು, ಕೊಡೆ ಇನ್ನೊಂದು. ನಾಲ್ಕು ತಿಂಗಳು ಕೊಡೆಯ ಕೆಳಗೇ ಬದುಕುವ ನಾವು ಮೇಲಿನಿಂದ ನೋಡಿದರೆ ಏನಾಗಿ ಕಾಣುತ್ತೇವೆ? ಹಾಳೆಟೊಪ್ಪಿ ಹಾಕಿದವರು? ತಲೆಯಲ್ಲಿ ಹುಲ್ಲಿನ ಹೊರೆ ಹೊತ್ತವರು?

ರಾತ್ರಿಯ ಗಲಾಟೆಗೆ ಕಾರಣ ಮಾತ್ರ ಜೇಡ. ಲೆನ್ಸಿನ ಪಕ್ಕದಲ್ಲೇ ಇರುವ ಇನ್‌ಫ್ರಾರೆಡ್ ದೀಪಕ್ಕೆ ಬಲೆಯ ಎಳೆ, ಹುಳ, ಮಳೆಹನಿ ಎಲ್ಲ ಬೆಳ್ಳಗೆ ಹೊಳೆಯುತ್ತವೆ. ವಾರಕ್ಕೊಮ್ಮೆ ಒರೆಸಿ. ಸಾಧ್ಯವಿದ್ದರೆ ಆ ದೀಪ ಆರಿಸಿ, ನಾಲ್ಕು ಅಡಿ ಆಚೆ ಬೇರೆ ಬಲ್ಬು ಹಾಕಿ.

ಇನ್ನು ಸೆನ್ಸಿಟಿವಿಟಿ. ಕಿರಿಕಿರಿ ಆದೊಡನೆ ಎಲ್ಲರೂ ಅದನ್ನೇ ಇಳಿಸುವುದು. ಇಳಿಸಿದರೆ ಸುಳ್ಳು ಅಲರ್ಟ್ ಕಡಿಮೆಯಾಗುತ್ತದೆ, ಜೊತೆಗೆ ನಿಜವಾದ ಮನುಷ್ಯನೂ ತಪ್ಪಿಹೋಗುತ್ತಾನೆ. ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ಹತ್ತು ಸುಳ್ಳು ಅಲರ್ಟಿಗಿಂತ ತಪ್ಪಿಹೋದ ಒಂದು ದೊಡ್ಡ ನಷ್ಟ. ಆದ್ದರಿಂದ ಮೊದಲು ಝೋನ್ ಬರೆಯಿರಿ: ರಸ್ತೆ, ಬಟ್ಟೆ ಹಗ್ಗ, ಗ್ರೊಟ್ಟೊ ಹೊರಗೆ. ಪಕ್ಕದ ಮನೆಯ ಅಂಗಳವೂ ಹೊರಗೆ. ಅವರ ಮಗಳು ಎಷ್ಟು ಗಂಟೆಗೆ ಬಂದಳು ಎಂಬುದು ನಮ್ಮ ಭದ್ರತೆಯ ವಿಷಯವಲ್ಲ. ಇಷ್ಟಾದ ಮೇಲೆ ಸೆನ್ಸಿಟಿವಿಟಿ ಮೇಲೆಯೇ ಇರಲಿ.

"ಆ್ಯಪ್ ಅಪ್‌ಡೇಟ್ ಆಗುವಾಗ ತಾನೇ ಸರಿಯಾಗ್ತದೆ" ಎನ್ನುವವರಿಗೆ ಒಂದು ನೆನಪು. ಅಮೆರಿಕದ ವೈಜ್ ಕ್ಯಾಮೆರಾಗಳಿಗೆ ಮನುಷ್ಯರನ್ನು ಗುರುತಿಸುವ ತಂತ್ರಾಂಶ ಕೊಡುತ್ತಿದ್ದದ್ದು ಎಕ್ಸ್‌ನಾರ್ ಎಂಬ ಕಂಪನಿ. ಅದು ಒಪ್ಪಂದ ಮುರಿಯಿತು, 2020ರ ಜನವರಿಯಲ್ಲಿ ಅದನ್ನು ಆಪಲ್ ಕೊಂಡುಕೊಂಡ ಸುದ್ದಿ ಬಂತು, ಜನ ದುಡ್ಡು ಕೊಟ್ಟು ಕೊಂಡ ಕ್ಯಾಮೆರಾದಿಂದ ಆ ಸೌಲಭ್ಯವೇ ಹೋಯಿತು. ಅಪ್‌ಡೇಟ್ ಕೊಡುವುದೂ ಉಂಟು, ತೆಗೆಯುವುದೂ ಉಂಟು.

ಆ ಹಿರಿಯರ ಮನೆಯಲ್ಲಿ ನಾವು ಆರು ಮಂದಿ ಸೇರಿ ಪರೀಕ್ಷೆ ಮಾಡಿದೆವು. 14 ಅಡಿಯಿಂದ ಕೊಡೆ ಹಿಡಿದವನು ಕಾಣಲೇ ಇಲ್ಲ. 8 ಅಡಿಗೆ ಇಳಿಸಿದ ಮೇಲೆ ಕಂಡ. ಆಮೇಲೆ ಒಬ್ಬ ಬಾವಿಯ ಹತ್ತಿರ ಅಂಗಾತ ಮಲಗಿದ. ಏನು ಮಾಡಿದರೂ ಅಲರ್ಟ್ ಬರಲಿಲ್ಲ. ಬಿದ್ದವರು ಅದಕ್ಕೆ ಮನುಷ್ಯರಲ್ಲ! ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಬಿದ್ದ ಮೇಲೆ ಕಾಣದಿದ್ದರೆ ಬಾವಿಯತ್ತ ಹೋಗುವಾಗಲೇ ಕಾಣಬೇಕು ಎಂದು ಬಾವಿಕಟ್ಟೆಯ ಸುತ್ತ ಬೇರೆಯೇ ಝೋನ್ ಬರೆದೆವು, ಅದಕ್ಕೆ ಬೇರೆ ರಿಂಗ್‌ಟೋನ್. ಈಗ ದಿನಕ್ಕೆ 12ರ ಆಸುಪಾಸು ಅಲರ್ಟ್. ಬಾವಿಯ ಟೋನ್ ಬಂದರೆ ಮಗ ಹತ್ತು ನಿಮಿಷ ಬಿಟ್ಟು ಅಪ್ಪನಿಗೆ ಫೋನ್ ಮಾಡುತ್ತಾನೆ.

ಬರುವ ಭಾನುವಾರ ಪೂಜೆಯ ನಂತರ ಹೊರಡುತ್ತೇವೆ. ಒಬ್ಬರೇ ಇರುವ ಹಿರಿಯರ ಮನೆಗಳು ಮೊದಲು, ಹೆಸರನ್ನು ನಿಮ್ಮ ವಾರ್ಡಿನ ಗುರಿಕಾರರಲ್ಲಿ ಹೇಳಿ. ಏಣಿ, ಬಟ್ಟೆ, ಸ್ಕ್ರೂಡ್ರೈವರ್ ನಾವು ತರುತ್ತೇವೆ. ಪಾಸ್‌ವರ್ಡ್ ನೀವೇ ಒತ್ತಿ, ನಮಗೆ ಹೇಳಬೇಡಿ. ಕೊಡೆ ತರಲು ಮರೆಯಬೇಡಿ, ಪರೀಕ್ಷೆಗೆ ಬೇಕು.