ಛಾಪಿನ ಖರ್ಚು ಯಾರ ತಲೆಗೆ?

ಟ್ರೇಡ್ ಮಾರ್ಕಿನ ಶುಲ್ಕ ಇಳಿಸಿರಿ, ಅರ್ಜಿಯನ್ನು ಕನ್ನಡದಲ್ಲಿ ತೆಗೆದುಕೊಳ್ಳಿರಿ, ಕರ್ನಾಟಕಕ್ಕೊಂದು ಕಛೇರಿ ಕೊಡಿರಿ ಎಂದು ಕೇಳಿದರೆ ಮೊದಲು ಎದುರಾಗುವುದು ಖರ್ಚಿನ ಮಾತು. ನಿಯಮ ತಿದ್ದಿದರೆ ಬೊಕ್ಕಸಕ್ಕೆ ಭಾರವಂತೆ.

ಆಗಲಿ, ಖರ್ಚಿನ ಲೆಕ್ಕವನ್ನೇ ನೋಡೋಣ. 2017ರ ಮಾರ್ಚ್ 6ರಂದು ಕೇಂದ್ರ ಸರ್ಕಾರ ತಾನೇ ಹಳೆಯ ನಿಯಮಗಳನ್ನು ಕಿತ್ತು ಹೊಸವನ್ನು ಜಾರಿಗೆ ತಂದಿತು. 74 ನಮೂನೆಗಳು 8ಕ್ಕೆ ಇಳಿದವು. ಒಳ್ಳೆಯದೇ ಆಯಿತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ನಿಯಮಗಳಲ್ಲಿ ಅರ್ಜಿಯ ಶುಲ್ಕ 4,000 ರೂಪಾಯಿಯಿಂದ 10,000ಕ್ಕೆ ಹಾರಿತು. ಹತ್ತು ವರ್ಷಕ್ಕೊಮ್ಮೆ ಮಾಡಿಸಬೇಕಾದ ನವೀಕರಣದ ಶುಲ್ಕ 5,000ದಿಂದ 10,000 ಆಯಿತು. ಕಂಪ್ಯೂಟರಿನಲ್ಲಿ ಸಲ್ಲಿಸುವವರಿಗೆ ಎರಡೂ 9,000. ನಿಯಮ ತಿದ್ದಲು ಆಗ ಬೊಕ್ಕಸಕ್ಕೆ ಯಾವ ಭಾರವೂ ಆಗಲಿಲ್ಲ!

ಬಡವರಿಗೆ ರಿಯಾಯಿತಿ ಇದೆಯಲ್ಲ ಎನ್ನುವರು. ಇದೆ. ಒಬ್ಬನೇ ವ್ಯಕ್ತಿಯಾಗಿ ಅರ್ಜಿ ಹಾಕುವವನಿಗೂ ಸಣ್ಣ ಉದ್ದಿಮೆಗೂ ಅರ್ಧ ಶುಲ್ಕ: ಕಾಗದದಲ್ಲಿ 5,000, ಕಂಪ್ಯೂಟರಿನಲ್ಲಿ 4,500. ಹಿಂದಿನ ಪೂರ್ತಿ ಶುಲ್ಕವೇ 4,000 ಇತ್ತೆಂಬುದನ್ನು ಓದುಗರು ಮರೆಯಬಾರದು. ಹಳೆಯ ಪೂರ್ತಿಗಿಂತ ಹೊಸ ಅರ್ಧ ಹೆಚ್ಚು. ಇದಕ್ಕೆ ರಿಯಾಯಿತಿ ಎಂಬ ಹೆಸರು. ನವೀಕರಣಕ್ಕಂತೂ ಆ ಅರ್ಧವೂ ಇಲ್ಲ. ಅಲ್ಲಿ ಬೀದಿಬದಿಯ ಉದಬತ್ತಿಯವನಿಗೂ ಕೋಟ್ಯಧೀಶನಿಗೂ ಒಂದೇ ದರ.

ಇನ್ನು "ಸಣ್ಣ ಉದ್ದಿಮೆ" ಯಾರು? ಈ ನಿಯಮಗಳ ಪ್ರಕಾರ, ಮಧ್ಯಮ ಉದ್ದಿಮೆಗೆ ಗೊತ್ತುಪಡಿಸಿದ ಬಂಡವಾಳದ ಮಿತಿಯನ್ನು ದಾಟದವರೆಲ್ಲರೂ ಸಣ್ಣವರೇ. 2025ರ ಏಪ್ರಿಲ್ 1ರಿಂದ ಆ ಮಿತಿ ಯಂತ್ರೋಪಕರಣಗಳ ಮೇಲೆ 125 ಕೋಟಿ ರೂಪಾಯಿ. ನೂರು ಕೋಟಿಯ ಯಂತ್ರ ಹೂಡಿದವನೂ ಹೊಲಿಗೆ ಯಂತ್ರದ ಮುಂದೆ ಕುಳಿತ ನಮ್ಮ ತಂಗಿಯೂ ಒಂದೇ ಪಂಕ್ತಿ!

ಶುಲ್ಕವೂ ಒಮ್ಮೆ ಕಟ್ಟಿ ಮುಗಿಯುವುದಲ್ಲ. ಸರಕುಗಳನ್ನೂ ಸೇವೆಗಳನ್ನೂ 45 ವರ್ಗಗಳಾಗಿ ವಿಂಗಡಿಸಿದ್ದಾರೆ, ವರ್ಗಕ್ಕೊಂದು ಶುಲ್ಕ. ಉಪ್ಪಿನಕಾಯಿ 29ನೆಯ ವರ್ಗ, ಸಾರಿನ ಪುಡಿ 30ನೆಯದು. ಮನೆಯಲ್ಲಿ ಎರಡನ್ನೂ ಮಾಡಿ ಒಂದೇ ಹೆಸರಿನಲ್ಲಿ ಮಾರುವ ಹೆಂಗಸು ಎರಡು ಸಲ ತೆರಬೇಕು. ಟವೆಲು 24, ಲುಂಗಿ 25. ಒಂದೇ ಮಗ್ಗದಿಂದ ಇಳಿದರೂ ಶುಲ್ಕ ಎರಡು.

ಗಿರಣಿ ಕಾರ್ಮಿಕ ಬಂಧುಗಳಿಗೆ ಇಲ್ಲೊಂದು ಮಾತು. ದೇಶದೊಳಗಿನ ಮಾರಾಟಕ್ಕೆಂದು ಕಾರ್ಖಾನೆಯಿಂದ ಹೊರಬೀಳುವ ಬಟ್ಟೆಯ ಪ್ರತಿ ತುಂಡಿನ ಮೇಲೂ ತಯಾರಕನ, ಕೊನೆಯದಾಗಿ ಸಂಸ್ಕರಿಸಿದ ಕಾರ್ಖಾನೆಯವನ ಇಲ್ಲವೆ ಸಗಟು ಖರೀದಿದಾರನ ಹೆಸರನ್ನು ಒತ್ತಬೇಕೆಂದು 1999ರ ಟ್ರೇಡ್ ಮಾರ್ಕ್ ಕಾಯಿದೆ ಹೇಳುತ್ತದೆ. ತಯಾರಕನೆಂದರೆ ಮಾಲೀಕ, ನೂಲು ತೆಗೆದವನೂ ನೇಯ್ದವನೂ ಅಲ್ಲ. ಅದಿರಲಿ. ಗಿರಣಿ ಬಾಗಿಲು ಮುಚ್ಚಿದ ಮೇಲೆ ಅದೇ ಕಾರ್ಮಿಕ ಎರಡು ಮಗ್ಗ ಹಾಕಿ ತನ್ನದೇ ಒಂದು ಛಾಪು ಬೇಕೆಂದು ಹೊರಟರೆ ಅರ್ಜಿ ಎಲ್ಲಿಗೆ ಹೋಗುತ್ತದೆ? ಚೆನ್ನೈಗೆ. 2017ರ ನಿಯಮಗಳಲ್ಲಿ ಮುಂಬೈ, ದೆಹಲಿ, ಕೋಲ್ಕತ್ತ, ಅಹಮದಾಬಾದ್, ಚೆನ್ನೈ ಎಂದು ಐದೇ ಕಛೇರಿಗಳು; ಕರ್ನಾಟಕವನ್ನು ಚೆನ್ನೈಗೆ ಕಟ್ಟಿದ್ದಾರೆ. ಯಾವ ಭಾಷೆಯಲ್ಲಿ? ಇಂಗ್ಲಿಷು ಇಲ್ಲವೆ ಹಿಂದಿ. ಅವನ ಛಾಪಿನಲ್ಲಿ ಕನ್ನಡ ಅಕ್ಷರವಿದ್ದರೆ ಅದರ ಉಚ್ಚಾರವನ್ನೂ ಅರ್ಥವನ್ನೂ ಆ ಎರಡರಲ್ಲೊಂದು ಭಾಷೆಯಲ್ಲಿ ಅವನೇ ಬರೆದು ಕೊಡಬೇಕು. ಬರೆಸಲು ಏಜೆಂಟು, ಏಜೆಂಟಿಗೆ ಫೀಜು. ಸರ್ಕಾರ ಕನ್ನಡ ಬಲ್ಲ ನಾಲ್ಕು ಗುಮಾಸ್ತರನ್ನು ಇಡದೆ ಉಳಿಸಿದ ಸಂಬಳವನ್ನು ಸಣ್ಣ ವ್ಯಾಪಾರಿ ತನ್ನ ಗಲ್ಲಾಪೆಟ್ಟಿಗೆಯಿಂದ ಏಜೆಂಟನಿಗೆ ಕೊಡುತ್ತಾನೆ. ಖರ್ಚು ಇಲ್ಲವಾಗಿಲ್ಲ, ಕೈ ಬದಲಾಯಿಸಿದೆ.

ನೋಂದಣಿಯಿಲ್ಲದೆ ಇರಬಹುದಲ್ಲ ಎಂದು ಕೆಲವರು ನಮಗೆ ಬುದ್ಧಿ ಹೇಳುವರು. ಹಳೆಯ ಬಳಕೆದಾರನಿಗೆ ಕಾಯಿದೆಯಲ್ಲಿ ರಕ್ಷಣೆ ಇರುವುದು ನಿಜ. ಆದರೆ ಎಷ್ಟು ವರ್ಷದಿಂದ ಮಾರುತ್ತಿದ್ದೇನೆ ಎಂಬುದನ್ನು ಹಳೆಯ ಬಿಲ್ಲು, ಲೇಬಲ್ಲು ಹುಡುಕಿ ತಂದು ಕೋರ್ಟಿನಲ್ಲಿ ಅವನೇ ಸಾಬೀತುಪಡಿಸಬೇಕು. ನೋಂದಾಯಿಸಿಕೊಂಡ ಕಂಪನಿಗಾದರೋ 134ನೆಯ ಕಲಮು ತಾನು ವ್ಯಾಪಾರ ಮಾಡುವ ಊರಿನಲ್ಲೇ ದಾವಾ ಹೂಡುವ ಹಕ್ಕು ಕೊಟ್ಟಿದೆ. 2015ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಒಂದಿಷ್ಟು ಕಡಿವಾಣ ಹಾಕಿತು, ಆದರೂ ಹಕ್ಕು ಉಳಿದಿದೆ. ಮುಂಬೈಗೆ ಎರಡು ಸಲ ಓಡಾಡಿದರೆ ಸಣ್ಣ ಅಂಗಡಿಯ ತಿಂಗಳ ಲಾಭ ಮುಗಿಯಿತು.

ಪೇಟೆಂಟು, ಟ್ರೇಡ್ ಮಾರ್ಕು ಎಲ್ಲ ಸೇರಿದ ಈ ಇಲಾಖೆಯ ವಾರ್ಷಿಕ ವರದಿಗಳನ್ನು ಯಾರಾದರೂ ತೆರೆದು ನೋಡಲಿ. ಅದರ ಆದಾಯ ಅದರ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಿದ್ದ ಮೇಲೆ ಬೊಕ್ಕಸದ ಭಾರದ ಮಾತನ್ನು ನಾವು ನಂಬಲಾರೆವು. ಒಂದೇ ವ್ಯಕ್ತಿಯ ಅರ್ಜಿಗೂ ನವೀಕರಣಕ್ಕೂ 1,000 ರೂಪಾಯಿಗೆ ಮೀರದ ಶುಲ್ಕ, ಕನ್ನಡದ ನಮೂನೆ, ಬೆಂಗಳೂರಿನಲ್ಲಿ ಪೂರ್ಣ ಅಧಿಕಾರದ ಕಛೇರಿ, ಇವು ನಮ್ಮ ಬೇಡಿಕೆ. ಇದಕ್ಕೆ ತಗಲುವ ಖರ್ಚೆಷ್ಟು, ಇಲಾಖೆಯ ಉಳಿತಾಯವೆಷ್ಟು ಎಂದು ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಲಿಖಿತ ಪ್ರಶ್ನೆ ಕೇಳಲಿ. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.