ನಮ್ಮ ಅಡುಗೆಮನೆ: ಹೊಟೇಲಿನ ರುಚಿಯ ಚಾಕೊಲೇಟ್ ಕುಕೀ

ಹೊಟೇಲಿನಲ್ಲಿ ಕೊಂಡ ಚಾಕೊಲೇಟ್ ಚಿಪ್ ಕುಕೀ ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ. ಮನೆಯಲ್ಲಿ ಮಾಡಿದ್ದು ಮಾತ್ರ ಹಪ್ಪಳದಂತೆ ಹರಡಿಬಿಡುತ್ತದೆ. ಇಲ್ಲವೇ ಮಾರನೆಯ ದಿನಕ್ಕೆ ಕಲ್ಲು. ಇದು ಅನೇಕ ಸೋದರಿಯರ ದೂರು. ಬೆಣ್ಣೆ, ಚಾಕೊಲೇಟ್ ಎರಡೂ ಅಗ್ಗದ ಪದಾರ್ಥಗಳಲ್ಲ. ಒಂದು ತಟ್ಟೆ ಕೆಟ್ಟರೆ ಹೊಟ್ಟೆ ಚುರುಕ್ಕೆನ್ನುವುದು ಸಹಜ. ಅಳತೆ ಸರಿಯಾಗಿದ್ದೂ ಹೀಗಾಗುವುದೇಕೆ?

ಉತ್ತರಕ್ಕೆ ಈ ತಿಂಡಿಯ ತವರಿಗೇ ಹೋಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ವಿಟ್‌ಮನ್ ಎಂಬ ಊರಿನಲ್ಲಿ ರೂತ್ ವೇಕ್‌ಫೀಲ್ಡ್ ಎಂಬಾಕೆ ಪತಿಯೊಡನೆ 1930ರಿಂದ ‘ಟೋಲ್ ಹೌಸ್ ಇನ್’ ಎಂಬ ಹೊಟೇಲು ನಡೆಸುತ್ತಿದ್ದರು. ಈ ಕುಕೀ ಅಲ್ಲಿ ಆಕಸ್ಮಿಕವಾಗಿ ಹುಟ್ಟಿತೆಂಬ ಕತೆಯೊಂದು ಬಳಕೆಯಲ್ಲಿದೆ, ನಂಬತಕ್ಕದ್ದಲ್ಲ. ಆಕೆ ಗೃಹವಿಜ್ಞಾನ ಓದಿದವರು, ಬೇಕೆಂದೇ ಮಾಡಿ ನೋಡಿದವರು. 1938ರಲ್ಲಿ ಆಕೆಯ ಪುಸ್ತಕದಲ್ಲಿ ಅಚ್ಚಾದ ವಿಧಾನ ಮರುವರ್ಷ ನೆಸ್ಲೆ ಕಂಪನಿಯ ಕೈಸೇರಿ, ಚಾಕೊಲೇಟ್ ಪೊಟ್ಟಣಗಳ ಮೇಲೆ ಮನೆಮನೆಗೂ ಹೋಯಿತು. ಆದರೆ ತಮ್ಮ ಹೊಟೇಲಿನಲ್ಲಿ ಕಲಸಿದ ಹಿಟ್ಟನ್ನು ರಾತ್ರಿಯಿಡೀ ತಣ್ಣಗಿಡುತ್ತೇವೆಂದು ಆಕೆ ಮುಂದೆ ಪುಸ್ತಕದಲ್ಲಿ ಬರೆದ ಮಾತು ಪೊಟ್ಟಣಕ್ಕೆ ಬರಲಿಲ್ಲ!

ಗುಟ್ಟು ಇರುವುದು ಅಲ್ಲೇ. ದೋಸೆಹಿಟ್ಟಿನಂತೆ ಹುಳಿ ಬರಲೆಂದಲ್ಲ. ಮೊಟ್ಟೆಯ ತೇವವನ್ನು ಮೈದಾ ನಿಧಾನವಾಗಿ ಹೀರಿಕೊಳ್ಳಬೇಕು. ಬೆಣ್ಣೆ ಗಟ್ಟಿಯಾಗಿ, ಓವನ್ನಿನಲ್ಲಿ ತಡವಾಗಿ ಕರಗಬೇಕು. ಮುಂಬಯಿ, ಚೆನ್ನೈಗಳ ಸೆಕೆಯಲ್ಲಂತೂ ಬೆಣ್ಣೆ ಕಲಸುವಾಗಲೇ ಎಣ್ಣೆಯಾಗುತ್ತದೆ. ಆದ್ದರಿಂದ ಈ ಕಾಯುವಿಕೆ ನಮಗೆ ಅಲ್ಲಿಯವರಿಗಿಂತ ಹೆಚ್ಚು ಅಗತ್ಯ.

115 ಗ್ರಾಂ ಬೆಣ್ಣೆಗೆ ಬಿಳಿ ಸಕ್ಕರೆ, ಕಂದು ಸಕ್ಕರೆ ತಲಾ 75 ಗ್ರಾಂ ಹಾಕಿ ಹಗುರಾಗುವಂತೆ ಕಲಸಿ. ಮೆತ್ತಗಿನ ನಡುವಿಗೆ ಕಾರಣ ಈ ಕಂದು ಸಕ್ಕರೆಯೇ. ಸಿಗದಿದ್ದರೆ ಬಿಳಿಯದನ್ನೇ ಹಾಕಿ ಒಂದು ದೊಡ್ಡ ಚಮಚ ಜೋನಿಬೆಲ್ಲ ಬೆರೆಸಿದರೆ ನಡೆದೀತು. ಒಂದು ಮೊಟ್ಟೆ, ಅರ್ಧ ಚಮಚ ವೆನಿಲಾ ಸೇರಿಸಿ. 140 ಗ್ರಾಂ ಮೈದಾ, ಅರ್ಧ ಚಮಚ ಅಡುಗೆ ಸೋಡಾ, ಅಷ್ಟೇ ಉಪ್ಪು ಜರಡಿ ಹಿಡಿದು ಹಾಕಿ. ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಮೈದಾ ಬಿದ್ದಮೇಲೆ ಚಪಾತಿಗೆ ನಾದಿದಂತೆ ನಾದಬಾರದು, ಬಿರುಸಾಗುತ್ತದೆ. ಕೊನೆಗೆ 170 ಗ್ರಾಂ ಚಾಕೊಲೇಟ್ ಚೂರು. ಚಿಪ್‌ಗಳಿಗಿಂತ ಗಟ್ಟಿ ಚಾಕೊಲೇಟನ್ನು ಚಾಕುವಿನಿಂದ ಕೊಚ್ಚುವುದೇ ಲೇಸು. ರೂತ್ ಮೊದಲು ಮಾಡಿದ್ದೂ ಹಾಗೆಯೇ. ಲೇಬಲಿನಲ್ಲಿ ಕೋಕೋ ಬೆಣ್ಣೆಯ ಬದಲು ವನಸ್ಪತಿ ಕೊಬ್ಬು ಕಂಡರೆ ಅದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಮುಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನ ದೊಡ್ಡ ನಿಂಬೆಹಣ್ಣಿನ ಗಾತ್ರದ ಹನ್ನೆರಡು ಉಂಡೆ ಕಟ್ಟಿ, ಧಾರಾಳ ಅಂತರ ಬಿಟ್ಟು, 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 12–14 ನಿಮಿಷ ಬೇಯಿಸಿ. ಅಂಚು ಕೆಂಬಣ್ಣಕ್ಕೆ ತಿರುಗಿ, ನಡು ಇನ್ನೂ ಬೇಯದಂತೆ ಕಾಣುವಾಗಲೇ ಹೊರತೆಗೆಯಬೇಕು. ಇಲ್ಲಿ ಮನಸ್ಸು ಗಟ್ಟಿಮಾಡಿಕೊಳ್ಳಿ! ಬಿಸಿ ತಟ್ಟೆಯಲ್ಲೇ ಐದು ನಿಮಿಷ ಕೂತರೆ ಅದು ತಾನೇ ಹದಕ್ಕೆ ಬರುತ್ತದೆ.

ಮೊಟ್ಟೆ ತಿನ್ನದವರು ಮೂರು ದೊಡ್ಡ ಚಮಚ ಗಟ್ಟಿ ಮೊಸರು ಹಾಕಬಹುದು. ಗರಿ ಕಡಿಮೆ, ಕೇಕಿನ ಮೃದು ಹೆಚ್ಚು. ಉಂಡೆಗಳನ್ನು ಫ್ರೀಜರಿನಲ್ಲಿ ಇಟ್ಟುಕೊಂಡರೆ ನೆಂಟರು ಬಂದಾಗ ಬೇಕಾದಷ್ಟನ್ನೇ ಬೇಯಿಸಬಹುದು. ಆಗ ಎರಡು ನಿಮಿಷ ಹೆಚ್ಚು ಹಿಡಿದೀತು.